ಸಣ್ಣ ಅಕ್ಷರದ ಷರತ್ತು: ಆರ್ಬಿಟ್ರೇಷನ್ ಅಂದ್ರೆ ಏನು?

ಬೈಕ್ ಸಾಲದ್ದೋ ಫ್ಲ್ಯಾಟ್ ಬುಕಿಂಗಿನದ್ದೋ ಒಪ್ಪಂದ ಪತ್ರ ಮನೆಯಲ್ಲಿದ್ದರೆ ತೆಗೆದು ಕೊನೆಯ ಪುಟಗಳನ್ನು ನೋಡಿ. ತಕರಾರು ಬಂದರೆ ಆರ್ಬಿಟ್ರೇಟರ್ ತೀರ್ಮಾನಿಸುತ್ತಾರೆ, ಅವರನ್ನು ಕಂಪನಿಯೇ ನೇಮಿಸುತ್ತದೆ, ವಿಚಾರಣೆ ಮುಂಬೈಯಲ್ಲಿ ಅಥವಾ ಚೆನ್ನೈಯಲ್ಲಿ, ಅಂತ ಸಣ್ಣ ಅಕ್ಷರದಲ್ಲಿ ಬರೆದಿರುವ ಸಾಧ್ಯತೆ ಹೆಚ್ಚು.

ಆರ್ಬಿಟ್ರೇಟರ್ ಅಂದರೆ ಉರ್ದುವಿನ ಸಾಲಿಸ್, ನಮ್ಮೂರ ಮಾತಲ್ಲಿ ಪಂಚಾಯ್ತಿ ಮಾಡುವವರು. ಕಲ್ಪನೆ ಕೆಟ್ಟದ್ದಲ್ಲ. ಸೂರಾ ನಿಸಾದ 35ನೇ ಆಯತ್ತು ಗಂಡ ಹೆಂಡಿರ ಜಗಳಕ್ಕೆ ಎರಡೂ ಮನೆಯವರಿಂದ ಒಬ್ಬೊಬ್ಬ ಹಕಮ್ ಇರಲಿ ಎನ್ನುತ್ತದೆ. ಇಲ್ಲಿ ಎರಡೂ ಕಡೆಯವರು ಅನ್ನೋದೇ ಮುಖ್ಯ. ಕಂಪನಿ ಬರೆಸಿಕೊಂಡ ಷರತ್ತಿನಲ್ಲಿ ಇಲ್ಲದಿರುವುದೂ ಅದೇ.

ನನ್ನ ಖಾಲಾನ ಮಗ ವಡೋದರಾದ ಗೋರ್ವಾದಲ್ಲಿ ಫ್ಯಾಕ್ಟರಿ ಕೆಲಸಕ್ಕಿದ್ದಾನೆ. ಬೈಕ್ ಸಾಲದಲ್ಲಿ ತಾನು ಒಪ್ಪದ ಚಾರ್ಜ್ ಹಾಕಿದ್ದಾರೆಂದು ಜಗಳ ಮಾಡಿದಾಗ ಫೈನಾನ್ಸಿನವರು ಹೇಳಿದ್ದು, "ನೀವು ಗ್ರಾಹಕ ಆಯೋಗಕ್ಕೆ ಹೋಗೋ ಹಾಗಿಲ್ಲ, ಸಹಿ ಮಾಡಿದ್ದೀರಿ." ಫೋನ್ ಮಾಡಿ ಕೇಳಿದ, "ಆಪಾ, ಇದು ನಿಜಾನಾ?"

ನಿಜ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 100ನೇ ಕಲಮಿನ ಪ್ರಕಾರ ಈ ಕಾಯ್ದೆಯ ಪರಿಹಾರ ಬೇರೆ ಕಾನೂನುಗಳ ಜೊತೆಗೆ ಸಿಗುವ ಹೆಚ್ಚುವರಿ ಹಕ್ಕು. ಆರ್ಬಿಟ್ರೇಷನ್ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದ ಮೇಲೆ, ಇನ್ನು ಗ್ರಾಹಕರನ್ನೂ ಆರ್ಬಿಟ್ರೇಷನ್ನಿಗೇ ಕಳಿಸಬೇಕು ಎಂದು ಬಿಲ್ಡರ್ ಕಂಪನಿ ಎಮ್ಮಾರ್ ಎಂಜಿಎಫ್ ವಾದಿಸಿತು. ರಾಷ್ಟ್ರೀಯ ಆಯೋಗ 2017ರಲ್ಲಿ ಅದನ್ನು ಒಪ್ಪಲಿಲ್ಲ, 2018ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅದನ್ನೇ ಹೇಳಿತು: ಯಾವ ದಾರಿ ಅನ್ನೋದನ್ನು ಆರಿಸುವವರು ಗ್ರಾಹಕರು.

ಊರಿನ ಪ್ರಶ್ನೆಯೂ ಇದೆ. ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗೋರ್ವಾದ ಬಾಡಿಗೆ ಮನೆಯವನಿಗೆ ವಡೋದರಾ ಜಿಲ್ಲಾ ಆಯೋಗವೇ ಸಾಕು, ಚೆನ್ನೈ ರೈಲು ಹತ್ತಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಹೊಟ್ಟೆಪಾಡಿಗೆ ಸ್ವಂತ ಆಟೋ ಓಡಿಸುವವರೂ ಗ್ರಾಹಕರೇ. ವ್ಯಾಪಾರ ಅಂತ ಅವರನ್ನು ಹೊರಗಿಡುವಂತಿಲ್ಲ.

ಇಷ್ಟು ಕೇಳಿ ಧೈರ್ಯವಾಗಿ ಕೂತುಬಿಡಬೇಡಿ. ಕಂತು ಬಾಕಿ ಇದ್ದರೆ ಕಂಪನಿ ತಾನೇ ಆರ್ಬಿಟ್ರೇಷನ್ ಶುರು ಮಾಡುತ್ತದೆ. ಇಂಗ್ಲಿಷಿನಲ್ಲಿ ನೋಟಿಸ್ ಬರುತ್ತದೆ, ನಮ್ಮ ಜನ ಅದನ್ನು ಮಡಚಿ ಟಿವಿ ಮೇಲೆ ಇಡ್ತಾರೆ. ಅಪಾಯ ಇರೋದು ಅಲ್ಲಿ. ನೀವು ಹೋಗದಿದ್ದರೂ ವಿಚಾರಣೆ ಮುಗಿಸಿ ತೀರ್ಪು ಕೊಡಬಹುದು. ಆ ತೀರ್ಪು ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಅದನ್ನು ರದ್ದು ಮಾಡಿಸಲು ತೀರ್ಪಿನ ಪ್ರತಿ ಕೈಗೆ ಬಂದ ದಿನದಿಂದ ಮೂರು ತಿಂಗಳು, ಸರಿಯಾದ ಕಾರಣವಿದ್ದರೆ ಇನ್ನೊಂದು 30 ದಿನ, ಅಷ್ಟೇ. ತೀರ್ಪು ಬಂದಾದ ಮೇಲೆ ಗ್ರಾಹಕ ಆಯೋಗದಲ್ಲಿ ದೂರು ನಿಲ್ಲುವುದೂ ಕಷ್ಟ. ಆದ್ದರಿಂದ ದೂರು ಮೊದಲೇ ಹಾಕಿ.

ನೋಟಿಸಿಗೆ ಉತ್ತರವನ್ನು ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. "ನೀವೊಬ್ಬರೇ ನೇಮಿಸಿದ ಆರ್ಬಿಟ್ರೇಟರಿಗೆ ನನ್ನ ಒಪ್ಪಿಗೆಯಿಲ್ಲ" ಎಂದು ಸ್ಪಷ್ಟವಾಗಿ ಬರೆಯಿರಿ. ಒಂದೇ ಕಡೆಯವರು ಆರ್ಬಿಟ್ರೇಟರನ್ನು ನೇಮಿಸುವುದು ತಪ್ಪು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿತ್ತು. 2024ರ ನವೆಂಬರಿನಲ್ಲಿ ಸಂವಿಧಾನ ಪೀಠವೂ ಅಂಥ ನೇಮಕವನ್ನು ಒಪ್ಪಲಿಲ್ಲ. ಆದರೆ ತಕರಾರು ಹುಟ್ಟಿದ ಮೇಲೆ "ಆಕ್ಷೇಪವಿಲ್ಲ" ಎಂದು ನೀವೇ ಬರೆದುಕೊಟ್ಟರೆ ಈ ರಕ್ಷಣೆ ಕೈಬಿಟ್ಟು ಹೋಗಬಹುದು. ಸೆಟ್ಲ್‌ಮೆಂಟ್ ಮಾಡಿಕೊಡ್ತೀವಿ ಅಂತ ಬಂದವರು ಚಾಚುವ ಕಾಗದಗಳಲ್ಲಿ ಈ ಸಾಲು ಇದೆಯಾ ಅಂತ ನೋಡಿ. ಇಂಗ್ಲಿಷ್ ಬಾರದಿದ್ದರೆ ಓದಿಸಿಕೊಳ್ಳುವವರೆಗೆ ಸಹಿ ಹಾಕಬೇಡಿ. ಗ್ರಾಹಕ ಸಹಾಯವಾಣಿಯ ನಂಬರು 1915.