ಸ್ವಂತ ಕಾರಿಗೆ ಎಫ್‌ಸಿ ಯಾವಾಗ?

ಗಾಡಿ ನಂಬರು ಕೆಎ-25 ಇರಲಿ, ಕೆಎ-63 ಇರಲಿ, ಒಮ್ಮೆ ಆರ್‌ಸಿ ತಗದು ತಾರೀಖು ನೋಡ್ರಿ. ಸ್ವಂತದ ಕಾರಿಗೆ ವರ್ಷಾ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇಲ್ಲ. ಆ ಗೋಳು ಟ್ಯಾಕ್ಸಿ, ಟಂಟಂ, ಲಾರಿಯವರದು: 8 ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮ್ಯಾಲೆ ಪ್ರತಿ ವರ್ಷ.

ನಿಮ್ಮದಕ್ಕ 15 ವರ್ಷ ತುಂಬಿತು? ಆರ್‌ಟಿಒಗೆ ಗಾಡಿ ಒಯ್ದು ತೋರಸಬೇಕು. ಬ್ರೇಕು, ಹೆಡ್‌ಲೈಟು, ಟೈರು, ಚಾಸಿ ನಂಬರು ನೋಡತಾರ. ಪಾಸಾದ್ರ ನೋಂದಣಿ ಮತ್ತ 5 ವರ್ಷ. ತಡಾ ಮಾಡಿದ್ರ ತಿಂಗಳಿಗೆ 500 ರೂಪಾಯಿ ಹೆಚ್ಚಿಗಿ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ ನೋಂದಣಿ ನವೀಕರಣದ ಫೀನ 10,000. ಕೆಲವು ಗಾಡಿ ಮಾರಿದ್ರೂ ಅಷ್ಟು ಹುಟ್ಟಂಗಿಲ್ಲ ಬಿಡ್ರಿ!

ಮತ್ತ ಅಜ್ಜಾರ ಅಂಬಾಸಿಡರು? 50 ವರ್ಷ ದಾಟಿ, ಮೂಲ ರೂಪದಾಗ ಇದ್ರ 'ವಿಂಟೇಜ್' ನೋಂದಣಿ ಸಿಗತೈತಿ, 10 ವರ್ಷಕ್ಕ. ಆದ್ರ ರ‍್ಯಾಲಿ, ಪ್ರದರ್ಶನ, ರಿಪೇರಿಗಷ್ಟ ಹೊರಗ ತಗೀಬೇಕು. ದಿನಾ ಹುಬ್ಬಳ್ಳಿ ದುರ್ಗದಬೈಲಿಗೆ ಗಿರ್ಮಿಟ್ ತಿನ್ನಾಕ ಒಯ್ಯಂಗಿಲ್ಲ.