ಕುಶಲಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ

ನನ್ನ ಸೋದರತ್ತೆಯವರು ಎರಡು ವರ್ಷಗಳ ಹಿಂದೆ ಮಗನ ಸಂಸಾರದೊಡನೆ ಇರಲೆಂದು ಇಂಗ್ಲೆಂಡಿಗೆ ಹೋದರು. ಇಂಗ್ಲಿಷನ್ನು ಅವರು ಓದಬಲ್ಲರು. ತಕ್ಕಮಟ್ಟಿಗೆ ಮಾತನಾಡಲೂ ಬಲ್ಲರು. ಹೋದ ವಾರದಲ್ಲಿಯೇ ನೆರೆಮನೆಯ ವೃದ್ಧೆ ಬೇಲಿಯಾಚೆಯಿಂದ ‘ಹೌ ಆರ್ ಯು?’ ಎಂದರಂತೆ. ಕೇಳಿದವರಿಗೆ ಹೇಳದಿರುವುದು ಸಲ್ಲದೆಂದು ಅತ್ತೆಯವರು ಮಂಡಿನೋವು, ನಿದ್ರೆಯಿಲ್ಲದ ರಾತ್ರಿಗಳು, ಊರಿನಲ್ಲಿ ಬೀಗ ಹಾಕಿ ಬಂದ ಮನೆ, ಎಲ್ಲವನ್ನೂ ವಿಸ್ತಾರವಾಗಿ ತಿಳಿಸಿದರು. ಆಕೆ ಕೈಚೀಲ ಹಿಡಿದು ನಿಂತೇ ಎಲ್ಲವನ್ನೂ ಕೇಳಿದರು. ಕಿಟಕಿಯಿಂದ ನೋಡುತ್ತಿದ್ದ ಸೊಸೆಗೆ ನಾಚಿಕೆಯಾಯಿತು. ಅಂದು ಸಂಜೆಯೇ ಅವಳು ಪಾಠ ಹೇಳಿಕೊಟ್ಟಳು: ಯಾರು ಕೇಳಿದರೂ ‘ಫೈನ್, ಥ್ಯಾಂಕ್ ಯು, ಅಂಡ್ ಯು?’ ಎನ್ನಬೇಕು, ಅಷ್ಟೇ.

ಪಾಠವೇನೋ ಸರಿಯಾದುದೇ. ಇಂಗ್ಲಿಷರ ಕುಶಲಪ್ರಶ್ನೆಗಳಲ್ಲಿ ಹೆಚ್ಚಿನವು ಪ್ರಶ್ನೆಯ ವೇಷ ತೊಟ್ಟ ನಮಸ್ಕಾರಗಳು. ‘ಹೌ ಡು ಯು ಡು?’ ಎಂಬುದು ಮೊದಲ ಪರಿಚಯದಲ್ಲಿ ಆಡುತ್ತಿದ್ದ ಮಾತು. ಅದಕ್ಕೆ ಸಲ್ಲುವ ಉತ್ತರವೂ ಮತ್ತೆ ‘ಹೌ ಡು ಯು ಡು?’ ಎಂಬುದೇ! ಈಗ ಅದು ಅಪರೂಪವಾಗಿ, ‘ನೈಸ್ ಟು ಮೀಟ್ ಯು’ ಎನ್ನುವವರೇ ಹೆಚ್ಚು. ಬೀಳ್ಕೊಡುವಾಗಿನ ‘ಗುಡ್ ಬೈ’ ಕೂಡ, ದೇವರು ನಿಮ್ಮೊಡನಿರಲಿ ಎಂಬ ಹಳೆಯ ಹರಕೆ ಸವೆದು 16ನೆಯ ಶತಮಾನದಲ್ಲಿ ಉಂಟಾದ ಪದ. ಆಡುವವರಿಗೆ ಆ ಅರ್ಥದ ನೆನಪಿಲ್ಲ.

ಇದನ್ನು ಕಂಡು ನಗುವವರು ನಮ್ಮ ಕಡೆಯನ್ನೂ ನೋಡಬೇಕು. ಬೀದಿಯಲ್ಲಿ ‘ಊಟವಾಯಿತೆ?’ ಎಂದವನು ಎಲೆ ಹಾಕಿಸುವ ಉದ್ದೇಶದಿಂದ ಕೇಳಿದವನಲ್ಲ. ನಮ್ಮ ಹಿರಿಯರ ಕಾಗದಗಳು ‘ಉಭಯಕುಶಲೋಪರಿ’ಯಿಂದ ಆರಂಭವಾಗುತ್ತಿದ್ದವು, ಎಲ್ಲರೂ ಕ್ಷೇಮವೆಂದು ಬರೆದು, ನಾಲ್ಕು ಸಾಲು ಕೆಳಗೆ ಮಗುವಿಗೆ ಜ್ವರ ಹಿಡಿದು ಹದಿನೈದು ದಿನವಾಯಿತೆಂದು ತಿಳಿಸುವುದಕ್ಕೆ ಅವರಿಗೆ ಅಡ್ಡಿಯೇನೂ ಇರಲಿಲ್ಲ.

ತೊಡಕು ಹುಟ್ಟುವುದು ಕನ್ನಡದ ಮಾತನ್ನು ಇದ್ದಂತೆಯೇ ಇಂಗ್ಲಿಷಿಗೆ ಇಳಿಸಿದಾಗ. ಹೊರಡುವಾಗ ‘ಹೋಗುತ್ತೇನೆ’ ಎಂದರೆ ನಮಗೆ ಅಶುಭ, ‘ಬರುತ್ತೇನೆ’ ಎನ್ನುತ್ತೇವೆ. ಅದನ್ನೇ ‘ಐ ವಿಲ್ ಕಮ್’ ಎಂದರೆ ಯಾವಾಗ ಬರುವಿರಿ ಎಂದು ಅವರು ಕಾಯಬೇಕಾದೀತು. ಪಕ್ಕದಲ್ಲಿ ಕುಳಿತುಕೊಳ್ಳುವುದಕ್ಕೆ ‘ಡು ಯು ಮೈಂಡ್?’ ಎಂದು ಅನುಮತಿ ಕೇಳುತ್ತಾರೆ. ಅಂದರೆ, ನಿಮ್ಮ ಆಕ್ಷೇಪವುಂಟೆ? ಸೌಜನ್ಯದಿಂದ ‘ಯೆಸ್’ ಎಂದುಬಿಟ್ಟರೆ ಪಾಪ, ಅವರು ನಿಂತೇ ಇರುತ್ತಾರೆ. ‘ನಾಟ್ ಅಟ್ ಆಲ್’ ಎನ್ನಬೇಕು. ‘ಇನ್ನೂ ಊಟವಾಗಿಲ್ಲವೆ?’ ಎಂದರೆ ನಾವು ‘ಹೌದು, ಆಗಿಲ್ಲ’ ಎನ್ನುವುದುಂಟು. ಇಂಗ್ಲಿಷಿನಲ್ಲಿ ಅಂಥ ಪ್ರಶ್ನೆಗೆ ಬರಿಯ ‘ಯೆಸ್’ ಎಂದರೆ ಊಟವಾಗಿದೆ ಎಂದೇ ತಿಳಿದಾರು. ಹಸಿದ ಅತಿಥಿ ಈ ಒಂದು ಪದದಿಂದ ಉಪವಾಸ ಮಲಗಿಯಾನು.

ಇನ್ನು ಸ್ವಂತ ವಿಚಾರಗಳು. ಸಂಬಳವೆಷ್ಟು, ವಯಸ್ಸೆಷ್ಟು, ಮಕ್ಕಳೇಕಿಲ್ಲ ಎಂದು ಹೊಸಬರನ್ನು ಅಲ್ಲಿ ಕೇಳುವುದಿಲ್ಲ. ಯಾರಾದರೂ ಕೇಳಿದರೆ ‘ಐ ವುಡ್ ರಾದರ್ ನಾಟ್ ಸೇ’ ಎಂದು ನಸುನಕ್ಕು ಮಾತು ಬದಲಿಸಿದರೆ ಅವಿನಯವಲ್ಲ. ಮೂರನೆಯ ಪ್ರಶ್ನೆಯನ್ನು ನಾವೂ ಬಿಟ್ಟರೆ ಎಷ್ಟೋ ಹೆಣ್ಣುಮಕ್ಕಳು ಮದುವೆಮನೆಗಳಿಗೆ ನಿರಾತಂಕವಾಗಿ ಬಂದಾರು! ಮನೆಯಲ್ಲಿ ಸಾವು ಸಂಭವಿಸಿದಾಗ ‘ಐ ಆಮ್ ಸಾರಿ’ ಎಂದವರಿಗೆ ‘ಥ್ಯಾಂಕ್ ಯು’ ಎನ್ನುವುದು ನಮಗೆ ವಿಚಿತ್ರವೆನಿಸುತ್ತದೆ. ದುಃಖದಲ್ಲಿ ಯಾರಿಗೆ ಏತಕ್ಕೆ ವಂದನೆ? ಆದರೂ ಅಲ್ಲಿ ಅದೇ ಉತ್ತರ.

ಅತ್ತೆಯವರು ಪಾಠವನ್ನು ಚೆನ್ನಾಗಿ ಕಲಿತರು. ಅತಿ ಚೆನ್ನಾಗಿ ಕಲಿತರೆನ್ನಬೇಕು. ಮಂಡಿಯನ್ನು ತೋರಿಸಲು ವೈದ್ಯರಲ್ಲಿಗೆ ಹೋದಾಗ, ವೈದ್ಯರು ‘ಹೌ ಆರ್ ಯು?’ ಎಂದರು. ಇವರು ‘ಫೈನ್, ಥ್ಯಾಂಕ್ ಯು’ ಎಂದರು. ವೈದ್ಯರು ಮಂಡಿಯನ್ನಷ್ಟೇ ನೋಡಿ ಕಳುಹಿಸಿದರು. ಎರಡು ರಾತ್ರಿಗಳಿಂದ ಮಲಗಿದರೆ ಉಸಿರು ಕಟ್ಟುತ್ತಿದ್ದ ಸಂಗತಿ ಇವರ ಬಾಯಿಂದ ಹೊರಡಲೇ ಇಲ್ಲ. ಸೊಸೆಗೂ ಹೇಳಲಿಲ್ಲ.

ಮರುದಿನ ಬೇಲಿಯಾಚೆಯ ವೃದ್ಧೆ ಎಂದಿನಂತೆ ಕೇಳಿದರು. ಇವರು ಎಂದಿನಂತೆ ‘ಫೈನ್’ ಎಂದರು. ಆಕೆ ಮುಂದಕ್ಕೆ ಹೋಗಲಿಲ್ಲ. ಮುಖವನ್ನು ನೋಡಿ, ಚೀಲವನ್ನು ಕೆಳಗಿಟ್ಟು, ‘ನೋ, ಹೌ ಆರ್ ಯು ರಿಯಲಿ?’ ಎಂದರು. ಹೀಗೆ ಎರಡನೆಯ ಸಲ ಕೇಳಿದಾಗ ಅದು ನಮಸ್ಕಾರವಲ್ಲ, ನಿಜವಾದ ಪ್ರಶ್ನೆ. ಅತ್ತೆಯವರಿಗೆ ಅದು ಹೇಗೋ ತಿಳಿಯಿತು. ಎದೆಯ ಮೇಲೆ ಕೈಯಿಟ್ಟು ಹೇಳಿದರು. ಆಕೆಯೇ ಬಂದು ಬಾಗಿಲು ತಟ್ಟಿ ಸೊಸೆಯನ್ನು ಕರೆದದ್ದು. ಅಂದೇ ಆಸ್ಪತ್ರೆಗೆ ಸೇರಿಸಿದರು. ಹನ್ನೊಂದು ದಿನಗಳ ಮೇಲೆ ಮನೆಗೆ ಬಂದರು.

ಸೊಸೆ ಈಗ ಪಾಠವನ್ನು ತಿದ್ದಿದ್ದಾಳೆ. ವೈದ್ಯರು ಕೇಳಿದರೆ ‘ನಾಟ್ ವೆರಿ ವೆಲ್, ಐ ಆಮ್ ಅಫ್ರೇಡ್’ ಎಂದು ಆರಂಭಿಸಬೇಕು. ಇಲ್ಲಿ ‘ಅಫ್ರೇಡ್’ ಎಂದರೆ ಭಯವಲ್ಲ, ಬೇಸರದ ಸುದ್ದಿಯನ್ನು ಮೆಲ್ಲಗೆ ಮುಂದಿಡುವ ಒಂದು ಉಪಚಾರ. ಅತ್ತೆಯವರಿಗೆ ಈ ವಿವರಣೆ ಒಪ್ಪಿಗೆಯಿಲ್ಲ. ‘ನನಗೆ ನಿಜವಾಗಿಯೂ ಭಯವಾಗಿತ್ತಲ್ಲೆ!’ ಎಂದರಂತೆ.

ಹೋದ ಭಾನುವಾರ ನಾನು ಫೋನು ಮಾಡಿ ‘ಹೇಗಿದ್ದೀರಿ ಅತ್ತೆ?’ ಎಂದೆ. ‘ಫೈನ್, ಥ್ಯಾಂಕ್ ಯು’ ಎಂದು ನಕ್ಕರು. ಆಮೇಲೆ ಮುಕ್ಕಾಲು ಗಂಟೆ ಮಂಡಿಯ ವಿಷಯ ಹೇಳಿದರು.