ಹಳೆಯ ಟ್ರಾಕ್ಟರಿಗೆ ಮುಂಬದಿಯ ಲೋಡರು: ಹೈಡ್ರಾಲಿಕ್ ಕೊಳವೆಗಳ ಜೋಡಣೆ

ಗೊಬ್ಬರ, ಮಣ್ಣುಗಳನ್ನೆತ್ತಲು ಹಳೆಯ ಟ್ರಾಕ್ಟರಿನ ಮುಂಬದಿಗೆ ಲೋಡರನ್ನು ಅಳವಡಿಸಬೇಕೆಂದಿರುವ ಗ್ರಾಮದ ಮುಖಂಡರೂ ಜಮೀನುದಾರರೂ ಕೊಳವೆಗಳ ಜೋಡಣೆಯು ಕೇವಲ ಮಿಸ್ತ್ರಿಯ ಕೆಲಸವೆಂದು ಉಪೇಕ್ಷಿಸಕೂಡದು. ಇಂತಹ ಅನೇಕ ಯಂತ್ರಗಳಲ್ಲಿ ಎಂಜಿನು ನಡೆಯುತ್ತಿರುವವರೆಗೂ ಪಂಪು ಎಣ್ಣೆಯನ್ನು ಹರಿಯಿಸುತ್ತಲೇ ಇರುವುದು. ಆ ಹರಿವಿಗೆ ಸದಾ ದಾರಿಯಿರಬೇಕು.

ಆದುದರಿಂದ, ಹಿಂದಿನ ಲಿಫ್ಟೂ ಕೆಲಸ ಮಾಡಬೇಕಾದರೆ, ಒತ್ತಡವನ್ನು ಮುಂದಕ್ಕೊಯ್ಯುವ ಪ್ರತ್ಯೇಕ ದ್ವಾರವುಳ್ಳ ವಾಲ್ವನ್ನೇ ಕೊಳ್ಳತಕ್ಕುದು. ಪಂಪಿನ ಕೊಳವೆಯನ್ನು ವಾಲ್ವಿನ ಒಳದ್ವಾರಕ್ಕೂ, ಮುಂದಕ್ಕೊಯ್ಯುವ ದ್ವಾರವನ್ನು ಲಿಫ್ಟಿಗೂ, ಮೂರನೆಯದಾದ ಮರಳುದ್ವಾರವನ್ನು ನೇರವಾಗಿ ಎಣ್ಣೆಯ ಟ್ಯಾಂಕಿಗೂ ಸೇರಿಸಬೇಕು. ಮರಳುದ್ವಾರವನ್ನು ಮುಚ್ಚಿದಲ್ಲಿ, ಸುರಕ್ಷಾ ವಾಲ್ವಿನಿಂದ ಹೊರಡುವ ಎಣ್ಣೆಗೆ ಮಾರ್ಗವಿಲ್ಲದೆ ವಾಲ್ವಿನ ಕವಚವೇ ಸೀಳಬಹುದು.

ಕೊಳವೆಗಳನ್ನು ಬಿಚ್ಚುವ ಮೊದಲು ಬಕೆಟ್ಟನ್ನು ನೆಲಕ್ಕಿಳಿಸಿ, ಎಂಜಿನನ್ನು ನಿಲ್ಲಿಸಿ, ಹಿಡಿಕೆಗಳನ್ನು ಎರಡು ಕಡೆಗೂ ಚಲಿಸಿ ಒತ್ತಡವನ್ನು ಕಳೆಯತಕ್ಕುದು. ಒತ್ತಡವು ಚದರ ಅಂಗುಲಕ್ಕೆ 2,000 ಪೌಂಡುಗಳಷ್ಟಿರಬಹುದು. ಸೋರಿಕೆಯನ್ನು ಎಂದಿಗೂ ಕೈಯಿಂದ ಹುಡುಕಕೂಡದು. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಸೂಜಿಯಂತೆ ಚಿಮ್ಮುವ ಎಣ್ಣೆಯು ಚರ್ಮವನ್ನು ಭೇದಿಸಿ ಒಳಹೊಕ್ಕರೆ, ಗಾಯವು ಅಲ್ಪವಾಗಿ ಕಂಡರೂ, ಕೂಡಲೆ ಶಸ್ತ್ರವೈದ್ಯರಲ್ಲಿಗೆ ಕರೆದೊಯ್ಯತಕ್ಕುದು. ತಡಮಾಡಿದರೆ ಆ ಕೈಯನ್ನೇ ಕಳೆದುಕೊಳ್ಳಬೇಕಾದೀತು.